ಊರು ಬದಲಿಸುವ ಮುನ್ನ



ಕಳೆದ ತಿಂಗಳು ಮೈಸೂರಿನ ಸಹೋದರಿಯೊಬ್ಬರಿಂದ ನಾಲ್ಕು ಪುಟದ ಪತ್ರ ಬಂತು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಉದಯಗಿರಿಯ ಕಡೆ ಬಾಡಿಗೆ ಮನೆ. ಪತಿ ವೆಲ್ಡಿಂಗ್ ಕೆಲಸಗಾರರು. ಜೊತೆಗೆ ಅತ್ತೆ ಇದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ಚಳಿಗಾಲದಲ್ಲಿ ಉಬ್ಬಸ. ಮಗಳು ಹತ್ತನೇ ತರಗತಿ. ಇಬ್ಬರು ಗಂಡುಮಕ್ಕಳು ಇನ್ನೂ ಚಿಕ್ಕವರು. ಮನೆಯ ಮಾಲೀಕರು ಬಾಡಿಗೆಯನ್ನು 9,000 ರೂಪಾಯಿಗೆ ಏರಿಸಿದ್ದಾರೆ. ಪತಿ ಒಂದು ಸಂಜೆ ಊಟ ಮಾಡುತ್ತಾ ಹೇಳಿದರಂತೆ: "ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಹೋಗಿಬಿಡೋಣ. ಅಲ್ಲಿ ಇದೇ ಮನೆ 4,500ಕ್ಕೆ ಸಿಗುತ್ತದೆ. ನಾನು ದಿನಾ ಮೈಸೂರಿಗೆ ಬಂದು ಹೋಗುತ್ತೇನೆ. ಉಳಿದ ದುಡ್ಡಲ್ಲಿ ಐದು ವರ್ಷಕ್ಕೆ ಒಂದು ಸೈಟಾಗುತ್ತದೆ."

ಪತ್ರದ ಕೊನೆಯಲ್ಲಿ ಸಹೋದರಿ ಕೇಳಿದ್ದಾರೆ: "ಆಪಾ, ಆ ಊರುಗಳು ಹೇಗಿವೆ? ಹೋಗಬಹುದೇ? ನಾನು ಹಿಂದೆಮುಂದೆ ನೋಡಿದರೆ, ನಿನಗೆ ಪಟ್ಟಣದ ಆಸೆ ಎನ್ನುತ್ತಾರೆ. ನನಗಿರುವುದು ಪಟ್ಟಣದ ಆಸೆಯಲ್ಲ, ಭಯ. ಆದರೆ ಯಾವುದರ ಭಯ ಎಂದು ನನಗೇ ಹೇಳಲು ಬರುವುದಿಲ್ಲ."

ಈ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಸ್ಥಿತಿ ಇದೇ. ಮನದೊಳಗೆ ಒಂದು ಲೆಕ್ಕವಿರುತ್ತದೆ, ಅದನ್ನು ಅಂಕಿಗಳಲ್ಲಿ ಹೇಳಲು ಬರುವುದಿಲ್ಲ. ಅಂಕಿ ಹೇಳುವವರು ಗೆಲ್ಲುತ್ತಾರೆ. ಆದ್ದರಿಂದ ಈ ತಿಂಗಳು ಆ ಭಯವನ್ನೇ ಒಂದೊಂದಾಗಿ ಬಿಡಿಸಿ, ಲೆಕ್ಕಕ್ಕೆ ಇಡೋಣ.

ಮೊದಲು ಒಂದು ಮಾತು. ಊರು ಬದಲಿಸುವುದು ನಮ್ಮ ದೀನಿನಲ್ಲಿ ಹೊಸದಲ್ಲ. ನಮ್ಮ ವರ್ಷಗಳ ಎಣಿಕೆಯೇ ಹಿಜ್ರತ್‌ನಿಂದ ಆರಂಭವಾಗುತ್ತದೆ. ಆದರೆ ಹಿಜ್ರತ್‌ನ ಚರಿತ್ರೆಯನ್ನು ಹೇಳುವಾಗ ನಾವು ದಾರಿಯನ್ನು, ಗುಹೆಯನ್ನು, ಒಂಟೆಯನ್ನು ಹೇಳುತ್ತೇವೆ; ಹ. ಉಮ್ಮು ಸಲಮಾ(ರ)ರನ್ನು ಮರೆಯುತ್ತೇವೆ. ಅವರ ಪತಿ ಮದೀನಾಕ್ಕೆ ಹೊರಟಾಗ ಆಕೆಯ ಮನೆತನದವರು ಆಕೆಯನ್ನು ತಡೆದರು, ಪತಿಯ ಮನೆತನದವರು ಮಗುವನ್ನು ಕಸಿದುಕೊಂಡರು. ಸುಮಾರು ಒಂದು ವರ್ಷ ಆಕೆ ದಿನಾ ಅದೇ ಜಾಗಕ್ಕೆ ಹೋಗಿ ಕುಳಿತು ಅಳುತ್ತಿದ್ದರು ಎಂದು ಸೀರತ್‌ನ ಗ್ರಂಥಗಳು ಹೇಳುತ್ತವೆ. ಊರು ಬಿಡುವುದರ ಭಾರ ಹೆಣ್ಣಿನ ಮೇಲೆ ಹೇಗೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇದೇ ಉಮ್ಮು ಸಲಮಾ(ರ) ಮುಂದೆ ಪ್ರವಾದಿವರ್ಯರ(ಸ) ಪತ್ನಿಯಾದರು. ಹುದೈಬಿಯಾದಲ್ಲಿ ಸಹಾಬಿಗಳು ಬೇಸರದಿಂದ ಕುಳಿತುಬಿಟ್ಟಾಗ ಪ್ರವಾದಿ(ಸ) ಆಕೆಯ ಸಲಹೆ ಕೇಳಿದರು, ಅದರಂತೆಯೇ ನಡೆದರು, ಬಿಕ್ಕಟ್ಟು ಬಗೆಹರಿಯಿತು. ಅಲ್ಲಾಹನ ರಸೂಲರೇ(ಸ) ಪತ್ನಿಯ ಸಲಹೆ ಪಡೆದಿರುವಾಗ, ಮನೆ ಬದಲಿಸುವ ವಿಚಾರದಲ್ಲಿ ಪತ್ನಿಯ ಮಾತು ಕೇಳಿದರೆ ಯಾವ ಗಂಡಸಿನ ಮಾನವೂ ಹೋಗುವುದಿಲ್ಲ. ಈ ಪುಟವನ್ನು ಪತಿಯರೂ ಓದುತ್ತಾರೆಂದು ನನಗೆ ಗೊತ್ತಿದೆ. ಅವರಿಗಾಗಿಯೇ ಇದನ್ನು ಬರೆದೆ.

ಬಾಡಿಗೆಯ ಲೆಕ್ಕ

ಈಗ ಅಂಕಿಗೆ ಬರೋಣ. ಮೈಸೂರಿನಿಂದ ಚಾಮರಾಜನಗರವೂ ಸುಮಾರು 60 ಕಿಲೋಮೀಟರ್, ಗುಂಡ್ಲುಪೇಟೆಯೂ ಸುಮಾರು 60 ಕಿಲೋಮೀಟರ್. ಎರಡಕ್ಕೂ ನಂಜನಗೂಡಿನ ಮೇಲೆಯೇ ಹೋಗಬೇಕು. ದಿನಕ್ಕೆ ಹೋಗಿಬರಲು 120. ತಿಂಗಳಿಗೆ 26 ದಿನ ಕೆಲಸವೆಂದರೆ 3,120 ಕಿಲೋಮೀಟರ್. ಬೈಕು ಲೀಟರಿಗೆ 50 ಕೊಟ್ಟರೆ 62 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿಯ ಮೇಲಿದೆ. ಅಂದರೆ ತಿಂಗಳಿಗೆ 6,200 ರೂಪಾಯಿಗೂ ಹೆಚ್ಚು. ಬಾಡಿಗೆಯಲ್ಲಿ ಉಳಿದದ್ದು 4,500. ಟೈರು, ಆಯಿಲ್, ರಿಪೇರಿ ಇನ್ನೂ ಸೇರಿಲ್ಲ. ಸೈಟಿನ ದುಡ್ಡು ಪೆಟ್ರೋಲ್ ಬಂಕಿಗೇ ಹೋಯಿತು.

ಬೈಕು ಬಿಟ್ಟು ರೈಲು ಹಿಡಿದರೆ ಲೆಕ್ಕ ತಿರುಗುತ್ತದೆ. ಮೈಸೂರು–ಚಾಮರಾಜನಗರದ ಹಳಿಯನ್ನು 2008ರಲ್ಲಿ ಬ್ರಾಡ್‌ಗೇಜ್ ಮಾಡಿದರು. ಪ್ಯಾಸೆಂಜರ್ ರೈಲುಗಳಿವೆ. ತಿಂಗಳ ಪಾಸಿಗೆ ಕೆಲವು ನೂರು ರೂಪಾಯಿ ಸಾಕು. ಆದರೆ ಈ ಸೌಕರ್ಯ ಚಾಮರಾಜನಗರಕ್ಕೆ ಮಾತ್ರ. ಗುಂಡ್ಲುಪೇಟೆಗೆ ರೈಲೇ ಇಲ್ಲ, ಬಸ್ಸೇ ಗತಿ. ರೈಲಿನಲ್ಲಿ ಹೋದರೂ ಮನೆಯಿಂದ ನಿಲ್ದಾಣ, ನಿಲ್ದಾಣದಿಂದ ವರ್ಕ್‌ಶಾಪ್ ಎಲ್ಲ ಸೇರಿದರೆ ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲೇ ಕಳೆಯುತ್ತದೆ. ಫಜ್ರ್ ಮುಗಿಸಿ ಹೊರಟವರು ಇಶಾದ ಹೊತ್ತಿಗೆ ಮನೆ ಸೇರುತ್ತಾರೆ. ಮಕ್ಕಳು ಅಬ್ಬಾನ ಮುಖ ನೋಡುವುದು ಭಾನುವಾರ ಮಾತ್ರ.

ಇನ್ನೊಂದು ಅಂಕಿ ಪತಿಯ ಲೆಕ್ಕದಲ್ಲಿ ಇರಲೇ ಇಲ್ಲ. ಪತ್ರದ ಮೂರನೇ ಪುಟದಲ್ಲಿ, ಏನೋ ದೊಡ್ಡದಲ್ಲ ಎಂಬಂತೆ, ಸಹೋದರಿ ಬರೆದಿದ್ದಾರೆ: "ಮನೆಯಲ್ಲೇ ಬುರ್ಖಾ, ಬ್ಲೌಸ್ ಹೊಲಿಯುತ್ತೇನೆ. ತಿಂಗಳಿಗೆ ಐದು ಸಾವಿರದಷ್ಟು ಬರುತ್ತದೆ." ಐದು ಸಾವಿರ! ಈ ಹಣ ಹೊಲಿಗೆ ಯಂತ್ರದಿಂದ ಮಾತ್ರ ಬರುವುದಲ್ಲ. ಹತ್ತು ವರ್ಷ ಒಂದೇ ಓಣಿಯಲ್ಲಿ ಇದ್ದದ್ದರಿಂದ ಬರುತ್ತದೆ. ಯಂತ್ರವನ್ನು ಲಾರಿಗೆ ಹಾಕಬಹುದು, ಗಿರಾಕಿಗಳನ್ನು ಹಾಕಲಾಗದು. ಹೊಸ ಊರಿನಲ್ಲಿ ಹೆಸರು ಮಾಡಲು ಒಂದೆರಡು ವರ್ಷ ಬೇಕು. ಬೀಡಿ ಕಟ್ಟುವವರಿಗೂ ಟ್ಯೂಷನ್ ಹೇಳುವವರಿಗೂ ಇದೇ ಮಾತು. ಸಹೋದರಿಯರೇ, ನಿಮ್ಮ ದುಡಿಮೆಯನ್ನು ನೀವೇ ಲೆಕ್ಕಕ್ಕೆ ಹಿಡಿಯದಿದ್ದರೆ ಬೇರೆ ಯಾರು ಹಿಡಿಯುತ್ತಾರೆ?

ಇಲ್ಲಿಯೇ ನನ್ನ ಮುಖ್ಯ ಮಾತನ್ನು ಹೇಳಿಬಿಡುತ್ತೇನೆ. ಊರನ್ನು ಅಳೆಯಬೇಕಾದದ್ದು ಬೆಳಿಗ್ಗೆ ಅಲ್ಲಿಂದ ಹೊರಟುಹೋಗುವವರ ಲೆಕ್ಕದಿಂದಲ್ಲ. ಇಡೀ ದಿನ ಅಲ್ಲೇ ಉಳಿಯುವವರ ಬದುಕಿನಿಂದ. ಪತಿಗೆ ಚಾಮರಾಜನಗರವೆಂದರೆ ಮಲಗುವ ಮನೆ. ನಿಮಗೆ, ಅತ್ತೆಗೆ, ಮಗಳಿಗೆ ಅದು ಆಸ್ಪತ್ರೆ, ಶಾಲೆ, ನೀರು, ನೆರೆ, ಮಾರುಕಟ್ಟೆ, ಮಸೀದಿ ಎಲ್ಲವೂ.

ಊರಿನ ಹೆಸರಿಗೆ ಹೆದರಬೇಡಿ

ಚಾಮರಾಜನಗರದ ಹೆಸರು ಕೇಳಿದೊಡನೆ "ಅಯ್ಯೋ, ಆ ಊರೇ?" ಎನ್ನುವವರಿದ್ದಾರೆ. ಹಿಂದೆ ಅದು ಅರಿಕುಠಾರ ಎಂಬ ಊರು. ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರಿಟ್ಟರು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಆದರೆ ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮೂಢನಂಬಿಕೆ ಎಷ್ಟಿತ್ತೆಂದರೆ, ಹೊಸ ಜಿಲ್ಲೆಯ ಉದ್ಘಾಟನೆಯನ್ನೂ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರದಲ್ಲಿ ಮಾಡದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾಡಿದರು. ಮುಂದೆ ಸಿದ್ದರಾಮಯ್ಯನವರು 2013ರಿಂದ ಹಲವು ಸಲ ಇಲ್ಲಿಗೆ ಬಂದರು, ಐದು ವರ್ಷದ ಅವಧಿಯನ್ನೂ 2018ರಲ್ಲಿ ಪೂರ್ಣಗೊಳಿಸಿದರು.

ಅಪಶಕುನವನ್ನು ನಂಬುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆ. ಊರಿಗೆ ಶಾಪವಿಲ್ಲ. ನಿರ್ಲಕ್ಷ್ಯಕ್ಕೆ ಮಾತ್ರ ಬೆಲೆ ತೆರಬೇಕಾಗುತ್ತದೆ. ದೊಡ್ಡವರು ಬರಲು ಹೆದರಿದ ಊರಿಗೆ ಸವಲತ್ತುಗಳೂ ತಡವಾಗಿಯೇ ಬಂದವು. ಆದ್ದರಿಂದ ಶಕುನ ಕೇಳಬೇಡಿ, ಸವಲತ್ತು ಕೇಳಿ.

ರಾತ್ರಿ ಎರಡು ಗಂಟೆಗೆ

ಅತ್ತೆಗೆ ಉಬ್ಬಸವಿದೆ ಎಂದಿದ್ದೀರಿ. ಹಾಗಿದ್ದರೆ ಮನೆ ನೋಡುವ ಮೊದಲು ಆಸ್ಪತ್ರೆ ನೋಡಿ. ಹಗಲಿನಲ್ಲಿ ಎಲ್ಲ ಆಸ್ಪತ್ರೆಯೂ ಹತ್ತಿರವೇ. ರಾತ್ರಿ ಎರಡು ಗಂಟೆಗೆ ಎಷ್ಟು ದೂರ ಎಂಬುದೇ ಪ್ರಶ್ನೆ.

ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆ 2021ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಇದು ದೊಡ್ಡ ಅನುಕೂಲ. ಆದರೆ ಆ ಆಸ್ಪತ್ರೆ ಇರುವುದು ಊರ ಹೊರಗೆ, ಯಡಪುರದ ಬಳಿ. ನೀವು ನೋಡಿದ ಮನೆಯಿಂದ ಅಲ್ಲಿಗೆ ರಾತ್ರಿ ಆಟೋ ಬರುತ್ತದೆಯೇ ಎಂದು ಓಣಿಯವರನ್ನು ಕೇಳಿ. ಅದೇ ವರ್ಷ, ಉದ್ಘಾಟನೆಗೆ ಐದು ತಿಂಗಳ ಮುಂಚೆ ನಡೆದದ್ದನ್ನೂ ಮರೆಯಬಾರದು. 2021ರ ಮೇ 2 ಮತ್ತು 3ರ ನಡುವೆ, ಕೋವಿಡ್‌ನ ಎರಡನೇ ಅಲೆಯಲ್ಲಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಸಿಲಿಂಡರುಗಳು ಬರಬೇಕಿದ್ದದ್ದು ಮೈಸೂರಿನಿಂದ. ದೊಡ್ಡ ಪಟ್ಟಣದ ಹತ್ತಿರ ಇರುವುದಕ್ಕೂ ದೊಡ್ಡ ಪಟ್ಟಣದ ಮೇಲೆ ಅವಲಂಬಿತರಾಗಿರುವುದಕ್ಕೂ ಇರುವ ವ್ಯತ್ಯಾಸ ಆ ರಾತ್ರಿ ಕಂಡಿತು. ಅಲ್ಲಾಹನು ಮೃತರ ಕುಟುಂಬಗಳಿಗೆ ಸಹನೆ ನೀಡಲಿ.

ಗುಂಡ್ಲುಪೇಟೆಯಲ್ಲಿ ತಾಲೂಕು ಆಸ್ಪತ್ರೆ ಇದೆ. ಜ್ವರ, ಗಾಯ, ಸಕ್ಕರೆ ಮಾತ್ರೆಗೆ ಅದು ಸಾಕಾಗಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ಚಾಮರಾಜನಗರ ಸುಮಾರು 35 ಕಿಲೋಮೀಟರ್, ಮೈಸೂರು 60. ಆಂಬುಲೆನ್ಸ್‌ನಲ್ಲಿ ಉಸಿರಿಗಾಗಿ ಒದ್ದಾಡುವವರ ಪಕ್ಕ ಕುಳಿತವರಿಗೆ ಒಂದು ಗಂಟೆ ಎಷ್ಟು ಉದ್ದ ಎಂಬುದು ಗೊತ್ತು.

ಗುಂಡ್ಲುಪೇಟೆಯ ಹೆದ್ದಾರಿ

ಹಾಗೆಂದು ಗುಂಡ್ಲುಪೇಟೆಯನ್ನು ತಳ್ಳಿಹಾಕುತ್ತಿಲ್ಲ. 2011ರ ಜನಗಣತಿಯಲ್ಲಿ ಚಾಮರಾಜನಗರದ ಜನಸಂಖ್ಯೆ ಸುಮಾರು 70 ಸಾವಿರವಿದ್ದರೆ ಗುಂಡ್ಲುಪೇಟೆಯದು ಸುಮಾರು 28 ಸಾವಿರ. ಚಿಕ್ಕದಾದರೂ ಕೂಡುದಾರಿಯ ಊರು. ಮೈಸೂರಿನಿಂದ ಬಂದ ರಸ್ತೆ ಇಲ್ಲಿಂದ ಮುಂದೆ ಕವಲೊಡೆದು ಒಂದು ವಯನಾಡಿನ ಕಡೆ, ಇನ್ನೊಂದು ಊಟಿಯ ಕಡೆ ಹೋಗುತ್ತದೆ. ಮಳೆಗಾಲದಲ್ಲಿ ರಸ್ತೆಯ ಎರಡೂ ಬದಿ ಚೆಂಡುಹೂವು, ಸೂರ್ಯಕಾಂತಿ. ಓಣಂ ಬಂದರೆ ಚೆಂಡುಹೂವು ಲಾರಿಗಟ್ಟಲೆ ಕೇರಳಕ್ಕೆ ಹೋಗುತ್ತದೆ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೂ ಕೇರಳದ, ತಮಿಳುನಾಡಿನ ವ್ಯಾಪಾರಿಗಳು ಬರುತ್ತಾರೆ. ಕೇರಳದಿಂದ ಬಂದು ಜಮೀನು ಗುತ್ತಿಗೆ ಹಿಡಿದು ಶುಂಠಿ, ಬಾಳೆ ಬೆಳೆಯುವವರಿದ್ದಾರೆ. ಅಂದರೆ ಇದು ವ್ಯಾಪಾರ ಬಲ್ಲವರ ಊರು.

ಇಲ್ಲಿ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ನೆನಪಾಗುತ್ತಾರೆ. ಬರಿಗೈಯಲ್ಲಿ ಮದೀನಾಕ್ಕೆ ಬಂದ ಅವರಿಗೆ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತಮ್ಮ ಅರ್ಧ ಆಸ್ತಿಯನ್ನೇ ಕೊಡಲು ಮುಂದಾದರು. ಅವರು ದುಆ ಮಾಡಿ, ಕೇಳಿದ್ದು ಒಂದನ್ನೇ: ಮಾರುಕಟ್ಟೆಯ ದಾರಿ. ತುಪ್ಪ, ಗಿಣ್ಣು ಮಾರಿ ನೆಲೆ ಕಂಡುಕೊಂಡರು. ಹೊಸ ಊರಿಗೆ ಹೋಗುವವರು ಕೇಳಬೇಕಾದ ಪ್ರಶ್ನೆ ಬಾಡಿಗೆ ಎಷ್ಟು ಎಂಬುದಕ್ಕಿಂತ ಮೊದಲು ಇದೇ: ಈ ಊರಿನಲ್ಲಿ ನಮ್ಮ ಕೈಕೆಲಸಕ್ಕೆ ಮಾರುಕಟ್ಟೆ ಇದೆಯೇ?

ಪತಿ ವೆಲ್ಡಿಂಗ್ ಬಲ್ಲವರು. ಹೆದ್ದಾರಿಯ ಊರಿನಲ್ಲಿ ಲಾರಿ, ಟ್ರ್ಯಾಕ್ಟರ್, ಗೇಟು, ಶೆಡ್ಡು ಎಂದು ಕೆಲಸವಿರಬಹುದು. ಚಾಮರಾಜನಗರದ ಬಳಿ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿದೆ, ದಾರಿಯ ನಡುವೆ ನಂಜನಗೂಡಿನ ಕಾರ್ಖಾನೆಗಳಿವೆ. ಮೈಸೂರಿಗೆ ಓಡಾಡುವ ಬದಲು ದುಡಿಮೆಯೂ ಅತ್ತಲೇ ಬಂದರೆ ಲೆಕ್ಕ ಪೂರ್ತಿ ಬೇರೆಯಾಗುತ್ತದೆ. ಮನೆ ಒಂದು ಕಡೆ, ದುಡಿಮೆ 60 ಕಿಲೋಮೀಟರ್ ಆಚೆ ಎಂದರೆ ಊರು ಬದಲಿಸಿದಂತಲ್ಲ, ಸಂಸಾರವನ್ನು ಎರಡು ಮಾಡಿದಂತೆ.

ಗುಂಡ್ಲುಪೇಟೆಯ ಇನ್ನೊಂದು ಸಂಗತಿ. ಬಂಡೀಪುರದ ಕಾಡಿನ ಮೂಲಕ ಹೋಗುವ ಎರಡೂ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ತುರ್ತು ವಾಹನಗಳಿಗೆ ಮತ್ತು ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೆ ಮಾತ್ರ ವಿನಾಯಿತಿ. ವನ್ಯಪ್ರಾಣಿಗಳ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ನಿಮ್ಮ ತವರು ಗೂಡಲೂರು, ಸುಲ್ತಾನ್ ಬತ್ತೇರಿಯ ಕಡೆ ಇದ್ದರೆ, ಸಂಜೆಯ ಮೇಲೆ ಬಂದ ಸಾವಿನ ಸುದ್ದಿಗೆ ಬೆಳಗಿನವರೆಗೆ ಕಾಯಬೇಕಾದೀತು.

ಬಸ್ಸು, ಕಾರ್ಡು, ಕಾಲೇಜು

2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಇದರಿಂದ ಮೈಸೂರು ನಮಗೆ ಹತ್ತಿರವಾಗಿದೆ ಎಂಬುದು ನಿಜ. ತವರಿಗೆ, ಮದುವೆಗೆ, ಆಸ್ಪತ್ರೆಗೆ ಹೋಗಿಬರಲು ಗಂಡನ ಜೇಬು ನೋಡಬೇಕಿಲ್ಲ. ಆದರೆ ಗುಂಡ್ಲುಪೇಟೆಯ ನಿಲ್ದಾಣದಲ್ಲಿ ಮೈಸೂರಿಗೆ ಹೋಗುವ ಎಲ್ಲ ಬಸ್ಸೂ ನಮ್ಮದಲ್ಲ. ಕೇರಳದ, ತಮಿಳುನಾಡಿನ ಬಸ್ಸಿಗೆ ದುಡ್ಡು ಕೊಡಲೇಬೇಕು. ರೈಲಿನಲ್ಲೂ ಈ ಸೌಲಭ್ಯವಿಲ್ಲ.

ಊರು ಬದಲಿಸುವಾಗ ರೇಷನ್ ಕಾರ್ಡಿನ ವಿಳಾಸವನ್ನು ಮರೆಯಬೇಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಆ ಕಾರ್ಡಿನ ಮೇಲೆಯೇ ನಿಂತಿದೆ. ಮತದಾರರ ಪಟ್ಟಿ, ಮಕ್ಕಳ ಟಿ.ಸಿ., ಆಧಾರ್ ವಿಳಾಸ ಇವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹಳೆಯ ಜಮಾಅತ್‌ನಿಂದ ಪತ್ರವನ್ನೂ ಪಡೆಯಿರಿ. ನಾಳೆ ಮಗಳ ನಿಕಾಹ್‌ಗೆ ಜಮಾಅತ್‌ನ ಕಾಗದ ಕೇಳುತ್ತಾರೆ. ಖಬರಸ್ತಾನದ ವಿಚಾರವೂ ಜಮಾಅತ್‌ನದೇ. ಮಾತು ಕಹಿ ಎನಿಸಬಹುದು. ಆದರೆ ವೃದ್ಧ ಅತ್ತೆಯನ್ನು ಕರೆದುಕೊಂಡು ಹೋಗುವವರು ಇದನ್ನು ಕೇಳಿಯೇ ಹೋಗಬೇಕು.

ಮಗಳ ವಿಚಾರ ಅತಿ ಮುಖ್ಯ. ಹತ್ತನೇ ತರಗತಿಯ ನಡುವೆ ಶಾಲೆ ಬಿಡಿಸಬೇಡಿ, ಖಂಡಿತ ಬೇಡಿ. ಪರೀಕ್ಷೆ ಮುಗಿಯಲಿ. ಆಮೇಲೆ ಪಿಯುಸಿಗೆ ಎಲ್ಲಿ ಎಂಬುದನ್ನು ನೋಡಿಯೇ ಊರು ತೀರ್ಮಾನಿಸಿ. ಚಾಮರಾಜನಗರದಲ್ಲಿ ಪದವಿ ಕಾಲೇಜು, ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, 2023ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ಎಲ್ಲ ಇವೆ. ಆದರೆ ಮಗಳಿಗೆ ಬೇಕಾದ ವಿಷಯ ಅಲ್ಲಿ ಉಂಟೇ? ಕಾಲೇಜಿಗೆ ನೀವೇ ಹೋಗಿ ಪ್ರಾಂಶುಪಾಲರನ್ನು ಕಾಣಿರಿ. ಉಡುಪಿನ ವಿಚಾರವನ್ನೂ ಮುಖಾಮುಖಿ ಕೇಳಿಬಿಡಿ. 2022ರಲ್ಲಿ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟುಗಳಲ್ಲಿ ನಿಂತದ್ದನ್ನು ನಾವು ನೋಡಿದ್ದೇವೆ. ಸೇರಿದ ಮೇಲೆ ಅಳುವುದಕ್ಕಿಂತ ಸೇರುವ ಮೊದಲು ಕೇಳುವುದು ಮೇಲು. ಚಿಕ್ಕ ಊರಿನಲ್ಲಿ ಕಾಲೇಜು ದೂರವೆಂಬ ನೆಪದಿಂದ ಹುಡುಗಿಯರ ಓದು ನಿಲ್ಲುವುದನ್ನು ಶಿಕ್ಷಕಿಯಾಗಿ ನಾನು ಕಣ್ಣಾರೆ ಕಂಡಿದ್ದೇನೆ. ಓದು ನಿಲ್ಲಿಸಿ ಉಳಿಸಿದ ಬಾಡಿಗೆಯಲ್ಲಿ ಬರಕತ್ ಇಲ್ಲ.

ನಾನು ಮಾಡಿದ ತಪ್ಪು

ನಾನೂ ಒಮ್ಮೆ ಊರು ಬದಲಿಸಿದವಳು. ಅದು ಯಾವ ಊರೆಂಬುದು ಬೇಡ. ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಹೋಗಿ ಮನೆ ನೋಡಿದೆವು. ಹಿತವಾದ ಬಿಸಿಲು, ಶಾಂತ ಓಣಿ, ಅಂಗಳದಲ್ಲಿ ನಲ್ಲಿ. ತಿರುಗಿಸಿದರೆ ನೀರು ಬಂತು. ಅರ್ಧ ಗಂಟೆಯಲ್ಲಿ ಮುಂಗಡ ಕೊಟ್ಟೆವು. ಬಂದು ಇದ್ದ ಮೇಲೆ ತಿಳಿಯಿತು, ನೀರು ಎಂಟು ದಿನಕ್ಕೊಮ್ಮೆ, ಅದೂ ನಡುರಾತ್ರಿ. ನಾವು ನೋಡಿದ್ದು ತೊಟ್ಟಿಯಲ್ಲಿ ಉಳಿದಿದ್ದ ನೀರು. ಶಾಲೆಯ ಕೆಲಸ, ಮಕ್ಕಳು, ನಡುರಾತ್ರಿಯ ನೀರು. ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ನಾನು ಸೋತುಹೋಗಿದ್ದೆ.

ಆದರೆ ಅದೇ ಊರಿನಲ್ಲಿ ಎದುರು ಮನೆಯ ಅಮ್ಮ ಒಬ್ಬರಿದ್ದರು, ಲಿಂಗಾಯತರು. ನಮ್ಮ ಮನೆಯ ಊಟ ಮುಟ್ಟುತ್ತಿರಲಿಲ್ಲ. ಆದರೆ ನೀರು ಬಂದ ರಾತ್ರಿಗಳಲ್ಲಿ ಕಿಟಕಿ ತಟ್ಟಿ "ಟೀಚರಮ್ಮಾ, ಏಳ್ರವ್ವಾ, ನೀರ್ ಬಂತು" ಎಂದು ಎಬ್ಬಿಸುತ್ತಿದ್ದರು. ನನಗೆ ಜ್ವರ ಬಂದಾಗ ತಾವೇ ನಾಲ್ಕು ಕೊಡ ತುಂಬಿಸಿಟ್ಟರು. ವಿಶಾಲವಾದ ಮನೆ, ಒಳ್ಳೆಯ ನೆರೆ, ಒಳ್ಳೆಯ ವಾಹನ ಇವು ಮನುಷ್ಯನ ಸೌಭಾಗ್ಯದ ಭಾಗ ಎಂಬ ಅರ್ಥದ ಹದೀಸನ್ನು ಮದ್ರಸದಲ್ಲಿ ಓದಿದ್ದೆ. ಅರ್ಥವಾದದ್ದು ಆ ಅಮ್ಮನಿಂದ. ನೆರೆ ಎಂದರೆ ನಮ್ಮವರೇ ಆಗಬೇಕೆಂದಿಲ್ಲ. ಎಬ್ಬಿಸುವವರಾಗಬೇಕು.

ಆ ಸೋಲು ಕಲಿಸಿದ್ದನ್ನು ನಿಮಗೆ ಹೇಳುತ್ತೇನೆ. ಊರನ್ನು ಭಾನುವಾರ ನೋಡಬೇಡಿ, ಕೆಲಸದ ದಿನ ನೋಡಿ. ಒಂದು ಹಗಲು, ಒಂದು ರಾತ್ರಿ ಅಲ್ಲಿ ಯಾರಾದರೂ ಬಂಧುಗಳ ಮನೆಯಲ್ಲಿ ಇದ್ದು ನೋಡಿ. ಸಾಧ್ಯವಾದರೆ ಬೇಸಿಗೆಯಲ್ಲೇ ಹೋಗಿ, ಏಕೆಂದರೆ ಇದು ಮಳೆ ಕಡಿಮೆಯ ಸೀಮೆ. ಮನೆಯ ಮಾಲೀಕರನ್ನು ನೀರಿನ ವಿಚಾರ ಕೇಳಬೇಡಿ. ಪಕ್ಕದ ಮನೆಯ ಹೆಂಗಸನ್ನು ಕೇಳಿ: ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿನಲ್ಲಿ? ಮಗ್ರಿಬ್ ಆದ ಮೇಲೆ ಮಗಳನ್ನು ಕರೆದುಕೊಂಡು ಬಸ್ ನಿಲ್ದಾಣದಿಂದ ಮನೆಯವರೆಗೆ ನಡೆದು ನೋಡಿ, ದಾರಿದೀಪ ಉರಿಯುತ್ತದೆಯೇ ಎಂದು. ಹೆಂಗಸರ ಇಜ್ತಿಮಾ ಎಲ್ಲಿ, ಮಕ್ಕಳ ಮದ್ರಸ ಎಷ್ಟು ದೂರ ಎಂದು ವಿಚಾರಿಸಿ. ನಿಮ್ಮ ಹೊಲಿಗೆಗೆ ಗಿರಾಕಿ ಉಂಟೇ ಎಂದು ಎರಡು ಬಟ್ಟೆ ಅಂಗಡಿಗಳಲ್ಲಿ ಕೇಳಿ. ಮತ್ತು ದಯವಿಟ್ಟು ನೀವೇ ಹೋಗಿ. ಗಂಡಸರು ನೋಡಿಬಂದ ಮನೆಯಲ್ಲಿ ಅಡುಗೆಮನೆಯ ಕಿಟಕಿ ಎತ್ತ ಇದೆ ಎಂದು ಕೇಳಿದರೆ ಅವರಿಗೆ ನೆನಪಿರುವುದಿಲ್ಲ.

ಸೈಟಿನ ಆಸೆ

ಸೈಟು ಕೊಳ್ಳುವ ಆಸೆ ತಪ್ಪಲ್ಲ. ಆದರೆ ಹೋದ ವರ್ಷವೇ ಕೊಳ್ಳಬೇಡಿ. ಒಂದು ವರ್ಷ ಬಾಡಿಗೆಗೆ ಇರಿ. ಊರು ನಿಮಗೆ ಹೊಂದುತ್ತದೆಯೇ, ನೀವು ಊರಿಗೆ ಹೊಂದುತ್ತೀರಾ ಎಂಬುದು ತಿಳಿಯಲಿ. ಕಡಿಮೆ ದುಡ್ಡಿಗೆ ಸಿಗುತ್ತದೆಂದು ಕಂದಾಯ ಭೂಮಿಯ ಸೈಟಿಗೆ ಕೈಹಾಕಬೇಡಿ. ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದನೆ, ಖಾತೆ, ಇ.ಸಿ. ಈ ನಾಲ್ಕನ್ನೂ ಗೊತ್ತಿರುವ ವಕೀಲರಿಗೆ ತೋರಿಸಿ. ನಿಮ್ಮ ಒಡವೆ ಮಾರಿ ಕೊಳ್ಳುವುದಾದರೆ ಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ಮಹ್ರ್, ಒಡವೆ ನಿಮ್ಮ ಸೊತ್ತು ಎಂದು ಶರೀಅತ್ತೇ ಹೇಳಿದೆ. ಕೇಳಲು ಸಂಕೋಚವೇಕೆ?

ಬಾಡಿಗೆ ತಪ್ಪಿಸಲು ಭೋಗ್ಯಕ್ಕೆ ಮನೆ ಹಿಡಿಯುವವರೂ ಇದ್ದಾರೆ. ದೊಡ್ಡ ಮೊತ್ತ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಹೋಗುವಾಗ ಪೂರ್ತಿ ಹಣ ವಾಪಸು ಪಡೆಯುವುದು. ಕೊಟ್ಟ ಸಾಲದಿಂದ ಲಾಭ ಪಡೆದಂತಾಗುವುದರಿಂದ ಅನೇಕ ಉಲಮಾಗಳು ಇದನ್ನು ಬಡ್ಡಿಯ ಸಾಲಿಗೆ ಸೇರಿಸುತ್ತಾರೆ. ನಂಬಿಕೆಯ ಆಲಿಮರೊಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಸಹೋದರಿಗೆ ನನ್ನ ಉತ್ತರ

ಪತ್ರ ಬರೆದ ಸಹೋದರಿ, ನಿಮಗೆ ನೇರವಾಗಿ ಹೇಳುತ್ತೇನೆ. ಪತಿಯ ದುಡಿಮೆ ಮೈಸೂರಿನಲ್ಲೇ ಮುಂದುವರಿಯುವುದಾದರೆ ಗುಂಡ್ಲುಪೇಟೆ ನಿಮಗಲ್ಲ. ಚಾಮರಾಜನಗರವಾದರೆ ರೈಲಿದೆ, ದೊಡ್ಡ ಆಸ್ಪತ್ರೆಯಿದೆ, ಮಗಳಿಗೆ ಕಾಲೇಜಿದೆ. ಆದರೂ ನಿಮ್ಮ ಹೊಲಿಗೆಯ ಐದು ಸಾವಿರ ಹೋದರೆ ಬಾಡಿಗೆಯ ಉಳಿತಾಯ ಅಲ್ಲಿಗೇ ಮುಗಿಯಿತು. ಪತಿ ಅತ್ತಲೇ ಕೆಲಸ ಹುಡುಕಿಕೊಂಡರೆ ಎರಡೂ ಊರುಗಳ ಬಾಗಿಲು ತೆರೆಯುತ್ತದೆ. ಆಗ ಅತ್ತೆಯ ಉಬ್ಬಸವನ್ನು ನೋಡಿ ಚಾಮರಾಜನಗರವನ್ನೇ ಮೊದಲು ನೋಡಿ ಎನ್ನುತ್ತೇನೆ. ಏನೇ ಆದರೂ ಮಗಳ ಪರೀಕ್ಷೆ ಮುಗಿಯುವವರೆಗೆ ಬಾಡಿಗೆಯ ಹೆಚ್ಚಳವನ್ನು ಸಹಿಸಿಕೊಳ್ಳಿ. ಮಾಲೀಕರೊಂದಿಗೆ ಮಾತಾಡಿ; ಐನೂರು ರೂಪಾಯಿ ಇಳಿದರೂ ಇಳಿಯಿತು.

ನಿಮ್ಮ ಭಯ ಯಾವುದರದೆಂದು ಈಗ ನಿಮಗೇ ಗೊತ್ತಾಗಿರಬಹುದು. ಅದು ಪಟ್ಟಣದ ಆಸೆಯಲ್ಲ. ಅತ್ತೆಯ ಉಸಿರು, ಮಗಳ ಓದು, ನಿಮ್ಮ ದುಡಿಮೆ, ಮಕ್ಕಳಿಗೆ ತಂದೆ ಸಿಗುವ ಹೊತ್ತು ಇವುಗಳ ಕಾಳಜಿ. ಈ ನಾಲ್ಕನ್ನೂ ಒಂದು ಹಾಳೆಯ ಮೇಲೆ ಬರೆದು ಪತಿಯ ಮುಂದಿಡಿ. ಜಗಳದಂತೆ ಅಲ್ಲ, ಮಶ್ವರದಂತೆ. ಅವರೂ ಸಂಸಾರದ ಒಳಿತಿಗೇ ಯೋಚಿಸಿದವರು. ದಿನಕ್ಕೆ ನಾಲ್ಕು ಗಂಟೆ ದಾರಿಯ ಕಷ್ಟಕ್ಕೆ ಸಿದ್ಧರಾದವರ ಪ್ರೀತಿಯನ್ನು ಕಡಿಮೆ ಎನ್ನಬೇಡಿ.

ಆಮೇಲೆ ಇಬ್ಬರೂ ಇಸ್ತಿಖಾರಾ ಮಾಡಿ. ವಿಚಾರಿಸದೆ ಇಸ್ತಿಖಾರಾ ಮಾಡಿ ಕನಸಿಗಾಗಿ ಕಾಯುವುದು ನಮ್ಮಲ್ಲಿ ರೂಢಿಯಾಗಿದೆ. ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬುದು ಪ್ರವಾದಿವರ್ಯರು(ಸ) ಕಲಿಸಿದ ಕ್ರಮ. ವಿಚಾರಣೆ ಮೊದಲು, ದುಆ ಜೊತೆಯಲ್ಲಿ, ತವಕ್ಕುಲ್ ಕೊನೆಯಲ್ಲಿ.

ಪ್ರವಾದಿ(ಸ) ಮಕ್ಕಾವನ್ನು ಅತಿಯಾಗಿ ಪ್ರೀತಿಸುತ್ತಿದ್ದರು. ಆದರೂ ಮದೀನಾಕ್ಕೆ ಬಂದ ಮೇಲೆ, ಆ ಊರಿನ ಪ್ರೀತಿಯನ್ನೂ ನಮ್ಮ ಮನದಲ್ಲಿ ಬೆಳೆಸೆಂದು ಅಲ್ಲಾಹನಲ್ಲಿ ಬೇಡಿಕೊಂಡರು. ನೀವು ಉದಯಗಿರಿಯಲ್ಲೇ ಉಳಿದರೂ, ರೈಲು ಕೊನೆಗೊಳ್ಳುವ ಆ ಊರಿಗೆ ಹೋದರೂ, ಇದ್ದ ಊರನ್ನು ಪ್ರೀತಿಸುವ ಮನಸ್ಸನ್ನು ಅಲ್ಲಾಹನು ನಿಮಗೆ ಕರುಣಿಸಲಿ. ಹೋದರೆ ಒಂದು ಪತ್ರ ಬರೆಯಿರಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು.

ವಸ್ಸಲಾಮ್.